ಎಣ್ಣೆ ಡಬ್ಬಿಯ ಮೇಲಿನ ಸಣ್ಣ ಅಕ್ಷರ: ಸದಸ್ಯರ ಮಾಹಿತಿಗಾಗಿ



ಕಳೆದ ರಾಜ್ಯೋತ್ಸವದ ಊಟದ ಲೆಕ್ಕಪತ್ರವನ್ನು ಇದೇ ಪುಟದಲ್ಲಿ ಹಾಕಿದ್ದೆವು. ಅದರಲ್ಲಿ "ಶೇಂಗಾ ಎಣ್ಣೆ, 15 ಕೆ.ಜಿ. ಡಬ್ಬಿ 2" ಎಂದು ಒಂದು ಸಾಲಿದೆ. ಆ ಸಾಲು ತಪ್ಪು. ಅದು ಶೇಂಗಾ ಎಣ್ಣೆ ಆಗಿರಲಿಲ್ಲ, 15 ಕೆ.ಜಿ.ಯೂ ಆಗಿರಲಿಲ್ಲ. ತಂದವನು ನಾನೇ, ಬರೆದವನೂ ನಾನೇ. ಆದ್ದರಿಂದ ತಿದ್ದುಪಡಿಯನ್ನೂ ನಾನೇ ಬರೆಯಬೇಕಾಗಿದೆ. ಬರೆಯುವಾಗ, ಈ ತಪ್ಪು ನನ್ನೊಬ್ಬನದೇ ಅಲ್ಲ, ನಮ್ಮ ಬಹುತೇಕ ಮನೆಗಳಲ್ಲಿ ತಿಂಗಳಿಗೊಮ್ಮೆ ಆಗುತ್ತಿರಬಹುದು ಎನಿಸಿತು. ಹೀಗಾಗಿ ತಿದ್ದುಪಡಿಯ ಜೊತೆಗೆ ಎಣ್ಣೆಯ ಲೇಬಲ್ಲಿನ ಬಗ್ಗೆ ನಾನು ಓದಿ ತಿಳಿದುಕೊಂಡದ್ದನ್ನೂ ಸೇರಿಸಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿರಿ.

ನಡೆದದ್ದು ಇಷ್ಟು. ಊಟದ ಎಣ್ಣೆಯ ಖರ್ಚನ್ನು ಉದಗೀರದ ಹಿರಿಯ ಸದಸ್ಯೆಯೊಬ್ಬರು ತಮ್ಮ ಯಜಮಾನರ ನೆನಪಿಗೆ ಸೇವೆಯಾಗಿ ಕೊಟ್ಟಿದ್ದರು. ಅವರ ಮಾತು ಒಂದೇ ಇತ್ತು, "ತಮ್ಮಾ, ಶೇಂಗಾ ಎಣ್ಣಿನೇ ತರ್ರಿ, ಅವರು ಬ್ಯಾರೆ ಎಣ್ಣಿ ಮುಟ್ತಿರಲಿಲ್ಲ." ನಾನು ಒಂದು ಠೋಕ ಅಂಗಡಿಗೆ ಹೋಗಿ ಶೇಂಗಾ ಎಣ್ಣೆ ಎರಡು ಡಬ್ಬಿ ಎಂದೆ. ಡಬ್ಬಿಯ ನಾಲ್ಕೂ ಮಗ್ಗುಲಿಗೆ ಸುಲಿದ ಶೇಂಗಾದ ದೊಡ್ಡ ಚಿತ್ರವಿತ್ತು. ಬಿಲ್ಲಿನಲ್ಲಿ "ಶೇಂಗಾ ತೇಲ 15 ಕಿಲೋ" ಎಂದು ಬರೆದುಕೊಟ್ಟರು. ತಂದೆ, ಊಟವಾಯಿತು, ಎಲ್ಲರೂ ಚಲೋ ಆಗಿದೆ ಎಂದರು. ಎರಡು ವಾರದ ನಂತರ, ಖಾಲಿ ಡಬ್ಬಿಯಲ್ಲಿ ತುಳಸಿ ಹಚ್ಚಲು ಒಯ್ದಿದ್ದ ಸದಸ್ಯೆಯೊಬ್ಬರು ಫೋನ್ ಮಾಡಿ, "ಕಾರ್ಯದರ್ಶಿಗಳೆ, ಈ ಡಬ್ಬಿ ಮ್ಯಾಲಿಂದು ಓದೀರೇನ್ರಿ?" ಎಂದು ಕೇಳಿದರು. ಹೋಗಿ ಓದಿದೆ. ಶೇಂಗಾದ ಚಿತ್ರದ ಕೆಳಗೆ, ಬ್ರ್ಯಾಂಡಿನ ಹೆಸರಿನ ಅಡಿಯಲ್ಲಿ, ಇಂಗ್ಲಿಷಿನಲ್ಲಿ ಬ್ಲೆಂಡೆಡ್ ಎಡಿಬಲ್ ವೆಜಿಟೇಬಲ್ ಆಯಿಲ್ ಎಂದಿತ್ತು. ಅದರ ಕೆಳಗೆ ರಿಫೈನ್ಡ್ ಪಾಮೋಲಿನ್ ಶೇಕಡಾ 80, ಶೇಂಗಾ ಶೇಕಡಾ 20. ಮತ್ತೊಂದು ಮಗ್ಗುಲಲ್ಲಿ ನಿವ್ವಳ ಪ್ರಮಾಣ 15 ಲೀಟರ್.

ಮೂವತ್ತೈದು ವರ್ಷ ಗುಮಾಸ್ತಗಿರಿ ಮಾಡಿದವನು ನಾನು. ಇನ್ನೊಬ್ಬರ ಅರ್ಜಿಯಲ್ಲಿ ಒಂದು ಅಕ್ಷರ ತಪ್ಪಿದರೆ ಹಿಂದಕ್ಕೆ ಕಳಿಸುತ್ತಿದ್ದವನು ಈ ಡಬ್ಬಿಯನ್ನು ಓದದೆ ಹೆಗಲ ಮೇಲೆ ಹೊತ್ತು ತಂದಿದ್ದೆ.

ಎಣ್ಣೆಯ ನಿಜವಾದ ಹೆಸರು

ಮೊದಲು ತಿಳಿಯಬೇಕಾದದ್ದು, ಪಾಕೀಟಿನ ಮೇಲೆ ದೊಡ್ಡದಾಗಿ ಕಾಣುವುದು ಬ್ರ್ಯಾಂಡಿನ ಹೆಸರು. ಅದು ಎಣ್ಣೆಯ ಹೆಸರಲ್ಲ. ಎಣ್ಣೆಯ ಹೆಸರು ಬೇರೆ ಕಡೆ, ಚಿಕ್ಕದಾಗಿ ಇರುತ್ತದೆ: ರಿಫೈನ್ಡ್ ಸೋಯಾಬೀನ್ ಆಯಿಲ್, ರಿಫೈನ್ಡ್ ಸನ್‌ಫ್ಲವರ್ ಆಯಿಲ್, ಗ್ರೌಂಡ್‌ನಟ್ ಆಯಿಲ್, ಹೀಗೆ. ರಿಫೈನ್ಡ್ ಎಂಬ ಪದ ಇದ್ದರೆ ಅದನ್ನು ಕಾರ್ಖಾನೆಯಲ್ಲಿ ಬಣ್ಣ, ವಾಸನೆ, ಆಮ್ಲ ತೆಗೆದು ತಿಳಿ ಮಾಡಿದ್ದಾರೆ ಎಂದರ್ಥ. ಬರೀ ಫಿಲ್ಟರ್ಡ್ ಎಂದಿದ್ದರೆ ಹಿಂಡಿ ಸೋಸಿದ್ದು.

ಎರಡು ಎಣ್ಣೆ ಬೆರೆಸಿ ಮಾರುವುದು ಕಾನೂನಿನ ಪ್ರಕಾರ ಅಪರಾಧವಲ್ಲ. ಇದು ನನಗೂ ಹೊಸ ವಿಷಯ. ಎರಡು ಖಾದ್ಯ ತೈಲ ಬೆರೆಸಬಹುದು, ಆದರೆ ಪ್ರತಿಯೊಂದೂ ತೂಕದಲ್ಲಿ ಶೇಕಡಾ 20ಕ್ಕಿಂತ ಕಡಿಮೆ ಇರಕೂಡದು. ನಮ್ಮ ಡಬ್ಬಿಯಲ್ಲಿ ಶೇಂಗಾ ಸರಿಯಾಗಿ 20 ಇತ್ತು ನೋಡಿರಿ, ಒಂದು ಅಂಶ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬೆರಕೆ ಎಣ್ಣೆಯ ಮೇಲೆ ಯಾವ ಎಣ್ಣೆ ಶೇಕಡಾ ಎಷ್ಟು ಎಂಬುದನ್ನು ಬ್ರ್ಯಾಂಡಿನ ಹೆಸರಿನ ಕೆಳಗೇ, ಎದುರಿನ ಮಗ್ಗುಲಲ್ಲಿ ಬರೆಯಬೇಕು. ಬಿಡಿಯಾಗಿ ಮಾರಬಾರದು ಎಂದೂ ಬರೆಯಬೇಕು. ಈಚಿನ ಪಾಕೀಟುಗಳಲ್ಲಿ ಬ್ಲೆಂಡೆಡ್ ಎಂಬುದರ ಬದಲು ಮಲ್ಟಿ ಸೋರ್ಸ್ ಎಂಬ ಪದವನ್ನೂ ಕಾಣಬಹುದು. ಅರ್ಥ ಒಂದೇ, ಬೆರಕೆ. ಮಲ್ಟಿ ಎಂದರೆ ಏನೋ ಹೆಚ್ಚಿನದು ಸಿಕ್ಕಿತು ಎಂದು ತಿಳಿಯುವುದು ಬೇಡ.

ಸಾಸಿವೆ ಎಣ್ಣೆಗೆ ಮಾತ್ರ ಈ ರಿಯಾಯಿತಿ ಇಲ್ಲ. 2021ರ ಜೂನ್ 8ರಿಂದ ಸಾಸಿವೆ ಎಣ್ಣೆಯೊಂದಿಗೆ ಬೇರೆ ಎಣ್ಣೆ ಬೆರೆಸುವುದನ್ನು ನಿಷೇಧಿಸಲಾಗಿದೆ. ಅಂಥದೊಂದು ನಿಯಮ ನಮ್ಮ ಶೇಂಗಾ ಎಣ್ಣೆಗೂ, ಕುಸುಬೆ ಎಣ್ಣೆಗೂ ಏಕಿಲ್ಲ ಎಂದು ಕೇಳುವ ಹಕ್ಕು ನಮಗಿದೆ. ಕೇಳುವವರು ಬೇಕಷ್ಟೆ.

ಮರಾಠಿ ಹೆಸರು, ಕನ್ನಡ ಹೆಸರು

ನಮ್ಮ ಸದಸ್ಯರಿಗೆ ಇನ್ನೊಂದು ತೊಡಕಿದೆ, ಬೆಂಗಳೂರಿನವರಿಗೆ ಇದು ಹೊಳೆಯುವುದಿಲ್ಲ. ಆಹಾರದ ಲೇಬಲ್ಲಿನಲ್ಲಿ ಕಡ್ಡಾಯ ಮಾಹಿತಿಯನ್ನು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಕೊಟ್ಟರೆ ಸಾಕು. ಪ್ರಾದೇಶಿಕ ಭಾಷೆ ಬೇಕಾದರೆ ಹೆಚ್ಚುವರಿಯಾಗಿ ಸೇರಿಸಬಹುದು. ಹೀಗಾಗಿ ಬ್ರ್ಯಾಂಡಿನ ಹೆಸರು, ಹೂವಿನ ಚಿತ್ರ, ಒಳ್ಳೆಯ ಮಾತು ಮರಾಠಿಯಲ್ಲಿ ದೊಡ್ಡದಾಗಿರುತ್ತವೆ. ಎಣ್ಣೆ ಯಾವುದು ಎಂಬ ಸತ್ಯ ಮಾತ್ರ ಇಂಗ್ಲಿಷಿನಲ್ಲಿ ಚಿಕ್ಕದಾಗಿರುತ್ತದೆ. ಮನೆಯಲ್ಲಿ ಕನ್ನಡ, ಬಾಜಾರದಲ್ಲಿ ಮರಾಠಿ, ಪಾಕೀಟಿನ ಹಿಂದೆ ಇಂಗ್ಲಿಷ್. ಮೂರರ ನಡುವೆ ಎಣ್ಣೆ ಜಾರಿಹೋಗುತ್ತದೆ.

ಗಡಿಯಾಚೆ ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ, ಆ ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲಿಯೂ ಇರಬೇಕೆಂದು ಆದೇಶ ಮಾಡಿದೆ. ಬೀದರ್, ಬಸವಕಲ್ಯಾಣದ ಕಡೆಯಿಂದ ಸಾಮಾನು ತರುವವರು ಅದನ್ನು ಗಮನಿಸಬಹುದು. ನಮ್ಮ ಊರಿನ ಅಂಗಡಿಗಳಿಗೆ ಅದು ಅನ್ವಯಿಸುವುದಿಲ್ಲ.

ಹಿರಿಯರಿಗೂ, ಸೊಸೆಯಾಗಿ ಕರ್ನಾಟಕದಿಂದ ಬಂದವರಿಗೂ ಉಪಯೋಗವಾಗಲಿ ಎಂದು ಹೆಸರುಗಳನ್ನು ಹೊಂದಿಸಿ ಬರೆದಿದ್ದೇನೆ. ಮರಾಠಿಯ ಶೇಂಗದಾಣಾ ಅಥವಾ ಭುಯಿಮೂಗ, ಇಂಗ್ಲಿಷಿನ ಗ್ರೌಂಡ್‌ನಟ್, ನಮ್ಮ ಶೇಂಗಾ. ಸೂರ್ಯಫೂಲ ಅಂದರೆ ಸನ್‌ಫ್ಲವರ್, ಸೂರ್ಯಕಾಂತಿ. ಸರಕಿ ಅಂದರೆ ಕಾಟನ್‌ಸೀಡ್, ಹತ್ತಿಕಾಳಿನ ಎಣ್ಣೆ. ಇದು ಬಹಳ ಜನರಿಗೆ ಗೊತ್ತಾಗುವುದಿಲ್ಲ. ಜವಸ ಅಂದರೆ ಅಗಸಿ. ತೀಳ ಅಂದರೆ ಎಳ್ಳು. ಮೋಹರಿ ಅಂದರೆ ಸಾಸಿವೆ. ರೈಸ್ ಬ್ರ್ಯಾನ್ ಅಂದರೆ ಅಕ್ಕಿಯ ತೌಡು. ಪಾಮ್ ಅಥವಾ ಪಾಮೋಲಿನ್ ಅಂದರೆ ತಾಳೆ ಎಣ್ಣೆ. ನಮ್ಮ ಸೀಮೆಯಲ್ಲಿ ಬೆಳೆಯದ್ದು, ಹೆಚ್ಚಾಗಿ ಹಡಗಿನಲ್ಲಿ ಇಂಡೊನೇಷ್ಯಾ, ಮಲೇಷ್ಯಾದಿಂದ ಬರುವಂಥದು. ಖೋಬರೇಲ ಅಂದರೆ ಕೊಬ್ಬರಿ ಎಣ್ಣೆ. ನಾವೆಲ್ಲ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿಗಳಲ್ಲಿ ಅನೇಕ ಖಾದ್ಯ ತೈಲವೆಂದೇ ಲೇಬಲ್ ಹೊತ್ತಿರುತ್ತವೆ. ತೆರಿಗೆಗಾಗಿ ಅದು ಖಾದ್ಯವೋ ಕೇಶತೈಲವೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ 2024ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು, ಖಾದ್ಯ ತೈಲವೆಂದು.

ಇನ್ನು ಕರಡಿ. ಮರಾಠಿಯಲ್ಲಿ ಕರಡೀ ತೇಲ ಎಂದರೆ ನಮ್ಮ ಕುಸುಬೆ ಎಣ್ಣೆ. ಕನ್ನಡ ಶಾಲೆಯಲ್ಲಿ ಓದುವ ನನ್ನ ಮೊಮ್ಮಗ ರಜೆಗೆ ಬಂದವನು ಪಾಕೀಟಿನ ಮೇಲಿನ ದೇವನಾಗರಿಯನ್ನು ಕೂಡಿಸಿ ಓದಿ, "ಅಜ್ಜಾ, ಕರಡಿ ಎಣ್ಣಿ ತಿಂತೀರೇನು ನೀವು?" ಎಂದು ಗಾಬರಿಯಾಗಿದ್ದ.

ಕುಸುಬೆಯ ಹೆಸರು ಉಳಿದದ್ದು, ಎಣ್ಣೆ ಹೋದದ್ದು

ಕುಸುಬೆಯ ವಿಷಯ ಬಂದಿತೆಂದರೆ ಸ್ವಲ್ಪ ನಿಂತು ಹೇಳಬೇಕು. ಮರಾಠವಾಡ, ಬೀದರ್, ಕಲಬುರಗಿ, ವಿಜಯಪುರ, ಸೋಲಾಪುರ, ಈ ಕಪ್ಪುಮಣ್ಣಿನ ಸೀಮೆಯ ಮನೆ ಎಣ್ಣೆ ಅದೇ ಆಗಿತ್ತು. ಹಿಂಗಾರಿ ಜೋಳದ ಹೊಲದ ಸುತ್ತ ಕುಸುಬೆಯ ಸಾಲು ಹಾಕುತ್ತಿದ್ದರು. ಮುಳ್ಳಿನಿಂದಾಗಿ ದನ ಒಳಗೆ ಬರುತ್ತಿರಲಿಲ್ಲ. ಎಳೆಯದಿದ್ದಾಗ ಸೊಪ್ಪಿನ ಪಲ್ಯ, ಬೀಜ ಬಂದ ಮೇಲೆ ಗಾಣಕ್ಕೆ, ಸ್ವಲ್ಪ ಬೀಜ ರುಬ್ಬಿ ಹಾಲು ತೆಗೆದು ಹುಗ್ಗಿಗೆ. ಎಳ್ಳ ಅಮವಾಸ್ಯೆಗೆ ಲಾತೂರು, ಧಾರಾಶಿವ ಜಿಲ್ಲೆಗಳ ಜನ ಹೊಲಕ್ಕೆ ಭಜ್ಜಿ, ಅಂಬಲಿ ಒಯ್ಯುತ್ತಾರಲ್ಲ, ಮರಾಠಿಯವರು ವೇಳಾ ಅಮಾವಾಸ್ಯಾ ಎನ್ನುವ ಹಬ್ಬ, ಆ ಭಜ್ಜಿಯ ಒಗ್ಗರಣೆ ನಮ್ಮ ಮನೆಯಲ್ಲಿ ಕುಸುಬೆ ಎಣ್ಣೆಯದೇ. ಪರಭಣಿಯ ಕೃಷಿ ವಿದ್ಯಾಪೀಠದ ಪರಭಣಿ ಕುಸುಮ, ಧಾರವಾಡದ ಕಡೆಯ ಅಣ್ಣಿಗೇರಿ-1, ಇವು ಈ ಬೆಳೆಯ ಹೆಸರುವಾಸಿ ತಳಿಗಳು. ಆಮೇಲೆ ಸೋಯಾಬೀನ್ ಬಂತು. ಈಗ ಲಾತೂರಿನ ಮಾರುಕಟ್ಟೆಯ ಹೆಸರು ಹೇಳಿದರೆ ಸೋಯಾಬೀನ್ ಎನ್ನುವಂತಾಗಿದೆ. ಬೆಲೆಯ ಲೆಕ್ಕ, ಮುಳ್ಳಿನ ಬೆಳೆ ಕೊಯ್ಯಲು ಆಳು ಸಿಗದಿರುವುದು, ಕಾರಣ ಹಲವು. ರೈತರನ್ನು ದೂರುವುದಕ್ಕಿಲ್ಲ.

ಬೆಳೆ ಕಡಿಮೆಯಾದರೂ ಅದರ ಒಳ್ಳೆಯ ಹೆಸರು ಬಾಜಾರದಲ್ಲಿ ಉಳಿಯಿತು. ಇದಕ್ಕೆ ಎಲ್ಲರಿಗೂ ಪರಿಚಿತವಾದ ಉದಾಹರಣೆ ಸಫೋಲಾ. ಆ ಹೆಸರು ಬಂದದ್ದೇ ಸ್ಯಾಫ್ಲವರ್ ಅಂದರೆ ಕುಸುಬೆಯಿಂದ. ಮೊದಲು ಅದು ಕುಸುಬೆ ಎಣ್ಣೆಯೇ ಆಗಿತ್ತು. ಹೃದಯಕ್ಕೆ ಒಳ್ಳೆಯದೆಂದು ಡಾಕ್ಟರು ಹೇಳಿದರೆಂದು ನಮ್ಮ ತಂದೆಯ ಕಾಲದವರು ತುಟ್ಟಿಯಾದರೂ ತರುತ್ತಿದ್ದರು. ಈಚಿನ ವರ್ಷಗಳ ಸಫೋಲಾ ಗೋಲ್ಡ್ ಪಾಕೀಟು ತಿರುಗಿಸಿ ನೋಡಿರಿ: ಅಕ್ಕಿ ತೌಡಿನ ಎಣ್ಣೆ ಶೇಕಡಾ 80, ಸೂರ್ಯಕಾಂತಿ ಶೇಕಡಾ 20. ಕುಸುಬೆ ಇಲ್ಲ. ಕಂಪನಿ ಇದನ್ನು ಮುಚ್ಚಿಟ್ಟಿಲ್ಲ, ಪಾಕೀಟಿನ ಮೇಲೆ ಬರೆದಿದೆ. ತೌಡಿನ ಎಣ್ಣೆ ಕೆಟ್ಟದ್ದೆಂದೂ ನಾನು ಹೇಳುತ್ತಿಲ್ಲ. ಆದರೆ "ಅಪ್ಪ ತಿನ್ನುತ್ತಿದ್ದ ಕುಸುಬೆ ಎಣ್ಣೆ" ಎಂದುಕೊಂಡು ಇವತ್ತು ಆ ಪಾಕೀಟು ತರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ನಿಲಂಗಾದ ಸಭೆಯಲ್ಲಿ ಕೇಳಿದಾಗ ಮೂವರು ಕೈ ಎತ್ತಿದರು. ಲೇಬಲ್ ಬದಲಾಗಿದೆ, ನಮ್ಮ ತಲೆಯೊಳಗಿನ ಲೇಬಲ್ ಬದಲಾಗಿಲ್ಲ. ನಿಜವಾದ ಕುಸುಬೆ ಎಣ್ಣೆ ಬೇಕೆಂದರೆ ಸ್ಯಾಫ್ಲವರ್ ಅಥವಾ ಕರಡೀ ಎಂಬ ಪದ ಎಣ್ಣೆಯ ಹೆಸರಿನ ಜಾಗದಲ್ಲಿಯೇ ಇದೆಯೇ, ಅದರ ಪಕ್ಕದಲ್ಲಿ ಶೇಕಡಾ ಎಂದು ಏನಾದರೂ ಇದೆಯೇ ನೋಡಬೇಕು.

ಲೀಟರೋ, ಕಿಲೋನೋ

ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಹಾಗಾಗಿ 15 ಲೀಟರ್ ಡಬ್ಬಿಯಲ್ಲಿ 13 ಕೆ.ಜಿ. 650 ಗ್ರಾಂ ಎಣ್ಣೆ ಇರುತ್ತದೆ. 15 ಕೆ.ಜಿ. ಡಬ್ಬಿಯಲ್ಲಿ ಹದಿನಾರೂವರೆ ಲೀಟರಿನಷ್ಟು. ಎರಡೂ ಡಬ್ಬಿ ನೋಡಲು ಒಂದೇ ಥರ, ಅಂಗಡಿಯಲ್ಲಿ ಎರಡಕ್ಕೂ "ಪಂದರಾಚಾ ಡಬಾ" ಎನ್ನುತ್ತಾರೆ. ನಾನು ತಂದ ಎರಡು ಡಬ್ಬಿಯಲ್ಲಿ ಬಿಲ್ಲಿಗಿಂತ 2 ಕೆ.ಜಿ. 700 ಗ್ರಾಂ ಎಣ್ಣೆ ಕಡಿಮೆ ಇತ್ತು. ಮದುವೆ, ಜಾತ್ರೆ, ದಾಸೋಹಕ್ಕೆ ಡಬ್ಬಿ ತರುವವರು ಇದೊಂದನ್ನು ಮಾತ್ರ ನೆನಪಿಟ್ಟರೂ ಈ ಲೇಖನ ಬರೆದದ್ದು ಸಾರ್ಥಕ.

ಚಿಕ್ಕ ಪಾಕೀಟಿನಲ್ಲಿ ಇನ್ನೊಂದು ಆಟ. ಹಿಂದೆ ಎಣ್ಣೆಯನ್ನು ಸರ್ಕಾರ ಗೊತ್ತುಮಾಡಿದ ಅಳತೆಗಳಲ್ಲಿಯೇ ಪ್ಯಾಕ್ ಮಾಡಬೇಕಿತ್ತು. 2022ರಲ್ಲಿ ಆ ಪಟ್ಟಿಯನ್ನು ತೆಗೆದುಹಾಕಿದರು. ಅಂದಿನಿಂದ ಒಂದು ಲೀಟರ್ ಪಾಕೀಟಿನ ಪಕ್ಕದಲ್ಲಿಯೇ ಅದೇ ಎತ್ತರದ, ಅದೇ ಬಣ್ಣದ 870 ಗ್ರಾಂ, 850 ಗ್ರಾಂ, 810 ಗ್ರಾಂ ಪಾಕೀಟು ಕೂತಿರುತ್ತವೆ. ನಾವು ಪಾಕೀಟಿಗೆ ಎಷ್ಟು ಎಂದು ಕೇಳುತ್ತೇವೆಯೇ ಹೊರತು ಎಷ್ಟು ಗ್ರಾಂ ಎಂದು ಕೇಳುವುದಿಲ್ಲ. ತಿಂಗಳಿಗೆ ನಾಲ್ಕು ಪಾಕೀಟು ಖರ್ಚಾಗುವ ಮನೆಯಲ್ಲಿ, ಒಂದೊಂದರಲ್ಲಿ 100 ಗ್ರಾಂ ಕಡಿಮೆ ಬಂದರೆ ವರ್ಷಕ್ಕೆ 4 ಕೆ.ಜಿ. 800 ಗ್ರಾಂ ಆಯಿತು. ಬೆಲೆಯೂ ಅದೇ ಪ್ರಮಾಣದಲ್ಲಿ ಇಳಿದಿದ್ದರೆ ನಷ್ಟವಿಲ್ಲ. ಇಳಿದಿದೆಯೇ ಎಂದು ತಿಳಿಯಲು ಕಾನೂನೇ ಒಂದು ದಾರಿ ಕೊಟ್ಟಿದೆ: ಗರಿಷ್ಠ ಮಾರಾಟ ಬೆಲೆಯ ಹತ್ತಿರ ಯೂನಿಟ್ ಸೇಲ್ ಪ್ರೈಸ್ ಎಂದು, ಒಂದು ಗ್ರಾಮಿಗೆ ಅಥವಾ ಒಂದು ಮಿಲಿಲೀಟರಿಗೆ ಎಷ್ಟು ಎಂದು ಹಾಕಿರುತ್ತಾರೆ. ಎರಡು ಪಾಕೀಟು ಹೋಲಿಸುವಾಗ ಆ ಅಂಕಿಯನ್ನು ನೋಡಬೇಕು. ಆದರೆ ಒಂದರ ಮೇಲೆ ಗ್ರಾಂ, ಇನ್ನೊಂದರ ಮೇಲೆ ಮಿಲಿಲೀಟರ್ ಇದ್ದರೆ ಹೋಲಿಕೆ ಸರಿಹೋಗುವುದಿಲ್ಲ. ಆಗ ಎರಡರ ತೂಕವನ್ನೂ ಹುಡುಕಿ ಗುಣಿಸಬೇಕು, ಹಳೆಯ ಗುಮಾಸ್ತರಿಗೆ ಕೆಲಸ.

ಬಿಸಿ ಎಣ್ಣೆಯ ಕಥೆ ಇನ್ನೂ ಸ್ವಾರಸ್ಯದ್ದು. ಎಣ್ಣೆ ಕಾದರೆ ಹಿಗ್ಗುತ್ತದೆ, ಅದೇ ಒಂದು ಲೀಟರಿನಲ್ಲಿ ತೂಕ ಕಡಿಮೆ ಬೀಳುತ್ತದೆ. ಸೋಯಾಬೀನ್ ಎಣ್ಣೆಯ ಒಂದು ಲೀಟರ್ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 892.6 ಗ್ರಾಂ. ಕೆಲವು ತಯಾರಕರು ಪಾಕೀಟಿನ ಮೇಲೆ "60 ಡಿಗ್ರಿಯಲ್ಲಿ ಒಂದು ಲೀಟರ್" ಎಂದು ಬರೆದು ಪಾರಾಗುತ್ತಿದ್ದರು. ನಮ್ಮ ಉಮರ್ಗಾದ ಮೇ ತಿಂಗಳಿನಲ್ಲಿಯೂ ಅಡುಗೆಮನೆ 60 ಡಿಗ್ರಿ ಮುಟ್ಟುವುದಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಆಗಸ್ಟಿನಲ್ಲಿ ಇದನ್ನು ಹಿಡಿದು, ತಾಪಮಾನ ಬರೆಯುವುದನ್ನು ಬಿಟ್ಟು ಲೀಟರಿನ ಜೊತೆಗೆ ತೂಕವನ್ನೂ ನಮೂದಿಸಬೇಕು, 2023ರ ಜನವರಿ 15ರೊಳಗೆ ಸರಿಪಡಿಸಿಕೊಳ್ಳಬೇಕು ಎಂದು ಸೂಚಿಸಿತು. ಈಗಲೂ ನಿಮ್ಮ ಕೈಗೆ ಡಿಗ್ರಿ ಬರೆದ ಪಾಕೀಟು ಬಂದರೆ ನನಗೆ ತೋರಿಸಿರಿ.

ಹೃದಯದ ಚಿತ್ರ, ಕೊಲೆಸ್ಟರಾಲ್ ಇಲ್ಲ

ಕೊಲೆಸ್ಟರಾಲ್ ಇರುವುದು ಪ್ರಾಣಿಗಳಿಂದ ಬಂದ ಪದಾರ್ಥದಲ್ಲಿ: ತುಪ್ಪ, ಬೆಣ್ಣೆ, ಮೊಟ್ಟೆ, ಮಾಂಸ. ಗಿಡದ ಬೀಜದಿಂದ ತೆಗೆದ ಯಾವ ಎಣ್ಣೆಯಲ್ಲಿಯೂ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಆದ್ದರಿಂದ ಒಂದು ಕಂಪನಿ ತನ್ನ ಪಾಕೀಟಿನ ಮೇಲೆ "ಕೊಲೆಸ್ಟರಾಲ್ ಇಲ್ಲ" ಎಂದು ಬರೆದರೆ ಸುಳ್ಳಲ್ಲ. ಆದರೆ ಪಕ್ಕದ, ಏನೂ ಬರೆಯದ ಅಗ್ಗದ ಪಾಕೀಟಿನಲ್ಲಿಯೂ ಇಲ್ಲ. ಲೈಟ್ ಎಂಬ ಪದವೂ ಹಾಗೆಯೇ. ಯಾವ ಎಣ್ಣೆಯಾದರೂ 100 ಗ್ರಾಮಿಗೆ ಸುಮಾರು 900 ಕ್ಯಾಲರಿ. ಹಿಂದಿನ ಪೌಷ್ಟಿಕಾಂಶದ ಪಟ್ಟಿ ತೆರೆದು ಎರಡು ಪಾಕೀಟು ಪಕ್ಕಪಕ್ಕ ಇಟ್ಟು ನೋಡಿರಿ, ಗೊತ್ತಾಗುತ್ತದೆ. ಬಣ್ಣ ತಿಳಿಯಾಗಿದೆ ಎಂದ ಮಾತ್ರಕ್ಕೆ ಮೈಗೆ ಹಗುರವಲ್ಲ.

ಕೆಲವು ಮಾತುಗಳನ್ನು ನಿಯಮವೇ ನಿಷೇಧಿಸಿದೆ. ಖಾದ್ಯ ತೈಲದ ಪಾಕೀಟಿನ ಮೇಲಾಗಲಿ ಜಾಹೀರಾತಿನಲ್ಲಾಗಲಿ ಸೂಪರ್ ರಿಫೈನ್ಡ್, ಎಕ್ಸ್‌ಟ್ರಾ ರಿಫೈನ್ಡ್, ಮೈಕ್ರೋ ರಿಫೈನ್ಡ್, ಡಬಲ್ ರಿಫೈನ್ಡ್, ಅಲ್ಟ್ರಾ ರಿಫೈನ್ಡ್, ಆಂಟಿ ಕೊಲೆಸ್ಟರಾಲ್, ಕೊಲೆಸ್ಟರಾಲ್ ಫೈಟರ್, ಸೂದಿಂಗ್ ಟು ಹಾರ್ಟ್ ಎಂಬಂಥ ಅತಿಶಯೋಕ್ತಿಗಳನ್ನು ಬಳಸುವಂತಿಲ್ಲ. ಈ ಪಟ್ಟಿಯನ್ನು ಕತ್ತರಿಸಿ ಅಡುಗೆಮನೆಯಲ್ಲಿ ಅಂಟಿಸಿಕೊಳ್ಳಬಹುದು. ಸಂತೆಯಲ್ಲಿ ಬರುವ ಊರು ಕೇರಿಯ ಚಿಕ್ಕ ಬ್ರ್ಯಾಂಡುಗಳ ಮೇಲೆ ಡಬಲ್ ರಿಫೈನ್ಡ್ ಎಂಬುದನ್ನು ನಾನೇ ಕಂಡಿದ್ದೇನೆ.

ನೀಲಿ ಬಣ್ಣದ, ಎಫ್ ಅಕ್ಷರದ ಪಕ್ಕ ಕೂಡಿಸುವ ಚಿಹ್ನೆ ಇರುವ ಮುದ್ರೆ ಕಂಡರೆ, ಆ ಎಣ್ಣೆಗೆ ಎ ಮತ್ತು ಡಿ ಜೀವಸತ್ವ ಸೇರಿಸಿದ್ದಾರೆ ಎಂದರ್ಥ. ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಕಂಡರೆ ತಯಾರಕರಿಗೆ ಪರವಾನಗಿ ಇದೆ ಎಂದರ್ಥ. ಎರಡೂ ಒಳ್ಳೆಯವೇ, ಆದರೆ ಎರಡೂ ಒಳಗಿರುವ ಎಣ್ಣೆ ಶೇಂಗಾದ್ದೋ ತಾಳೆಯದೋ ಎಂಬುದನ್ನು ಹೇಳುವುದಿಲ್ಲ.

ಬಿಡಿ ಎಣ್ಣೆ, ದೀಪದ ಎಣ್ಣೆ

ಸಂತೆಯಲ್ಲಿ ಹೆಸರುವಾಸಿ ಬ್ರ್ಯಾಂಡಿನ ಡಬ್ಬಿಯಿಂದ ಮಾಪಿನಲ್ಲಿ ಅಳೆದು ಕೊಡುವ ಎಣ್ಣೆಗೆ ಲೇಬಲ್ಲೇ ಇಲ್ಲವೆಂದು ತಿಳಿಯಿರಿ. ಡಬ್ಬಿಯ ಲೇಬಲ್ ಡಬ್ಬಿಯದು, ಒಳಗಿನದು ಯಾರಿಗೆ ಗೊತ್ತು. ಒಮ್ಮೆ ಬಳಸಿದ ತಗಡಿನ ಡಬ್ಬಿಯಲ್ಲಿ ಮತ್ತೆ ಖಾದ್ಯ ತೈಲ ತುಂಬಕೂಡದು, ಪ್ಯಾಕ್ ಮಾಡದ ಬಿಡಿ ಎಣ್ಣೆ ಮಾರಕೂಡದು ಎಂದು ನಿಯಮವಿದೆ. ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿದ್ದರೆ ಮಾತ್ರ ಬೇರೆ. ಈ ಬಿಗಿ ಸುಮ್ಮನೆ ಬಂದದ್ದಲ್ಲ. 1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಯಲ್ಲಿ ಅರ್ಜೆಮೋನ್ ಬೀಜದ ಎಣ್ಣೆ ಬೆರೆತು, ಕಾಲು ಬಾತು, ಉಸಿರು ಕಟ್ಟಿ 60ಕ್ಕೂ ಹೆಚ್ಚು ಜನ ತೀರಿಕೊಂಡರು. ಅದೇ ವರ್ಷ ಕೇಂದ್ರ ಸರ್ಕಾರ ಎಣ್ಣೆಯನ್ನು ಪ್ಯಾಕ್ ಮಾಡಿಯೇ ಮಾರಬೇಕೆಂಬ ಆದೇಶ ತಂದಿತು. ಅರ್ಜೆಮೋನ್ ಎಂದರೆ ನಮ್ಮ ಹೊಲದ ಬದುವಿನ ಮೇಲೆಯೂ ಬೆಳೆಯುವ, ಹಳದಿ ಹೂವಿನ ಮುಳ್ಳು ಗಿಡ, ಮರಾಠಿಯಲ್ಲಿ ಪಿವಳಾ ಧೋತ್ರಾ. ಬೀಜ ಕಪ್ಪಾಗಿ ಸಾಸಿವೆಯಂತೆಯೇ ಕಾಣುತ್ತದೆ.

ಹಾಗಾದರೆ ಊರ ಗಾಣದ ಎಣ್ಣೆ? ಇದನ್ನು ಬಹಳ ಜನ ಕೇಳುತ್ತಾರೆ. ನಮ್ಮದೇ ಶೇಂಗಾ, ನಮ್ಮದೇ ಕುಸುಬೆ ಒಯ್ದು ಎದುರಿಗೆ ನಿಂತು ಹಿಂಡಿಸಿಕೊಂಡು ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ, ಅಲ್ಲಿ ಲೇಬಲ್ ಬೇಕಾಗಿಯೂ ಇಲ್ಲ. ಆದರೆ ಹೆದ್ದಾರಿಯ ಪಕ್ಕದಲ್ಲಿ ಒಂದು ಮರದ ಗಾಣವನ್ನು ತೋರಿಕೆಗೆ ನಿಲ್ಲಿಸಿ, ಹಿಂದಿನ ಕೋಣೆಯಿಂದ ತುಂಬಿದ ಬಾಟಲಿ ತಂದುಕೊಟ್ಟರೆ ಆ ಬಾಟಲಿಗೂ ಲೇಬಲ್ ಇರಬೇಕು, ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ತಾರೀಖು ಎಲ್ಲವೂ ಇರಬೇಕು. ಗಾಣದ ಚಿತ್ರ ಸಾಲದು.

ಮನೆಯಲ್ಲೇ ಪರೀಕ್ಷೆ ಮಾಡುವ ವಿಡಿಯೋಗಳು ಮೊಬೈಲಿನಲ್ಲಿ ಬರುತ್ತಿವೆ. ಫ್ರಿಜ್ಜಿನಲ್ಲಿಟ್ಟಾಗ ಗಟ್ಟಿಯಾದರೆ ತಾಳೆ ಎಣ್ಣೆ ಎಂದು. ಅದನ್ನು ನಂಬಬೇಡಿರಿ. ಶುದ್ಧ ಶೇಂಗಾ ಎಣ್ಣೆಯೂ ಚಳಿಗೆ ಮಬ್ಬಾಗಿ ಗಟ್ಟಿಯಾಗುತ್ತದೆ, ಕೊಬ್ಬರಿ ಎಣ್ಣೆಯಂತೂ ನಮ್ಮ ಡಿಸೆಂಬರಿಗೇ ಕಲ್ಲಾಗುತ್ತದೆ. ಶೇಂಗಾ ಎಣ್ಣೆಯನ್ನು ಪ್ರಯೋಗಾಲಯದಲ್ಲಿ ಗುರುತಿಸಲು ಬೆಲಿಯರ್ ಪರೀಕ್ಷೆ ಎಂದು ಬೇರೆಯೇ ಇದೆ. ಅದನ್ನು ತಿಳಿದವರೇ ಮಾಡಬೇಕು.

ದೀಪದ ಎಣ್ಣೆಯ ಬಗ್ಗೆ ಒಂದು ಎಚ್ಚರಿಕೆ. ಎಳ್ಳಿನ ಚಿತ್ರ, ದೇವರ ಚಿತ್ರ ಇರುವ ಪೂಜೆಯ ಎಣ್ಣೆ ಬಾಟಲಿಗಳು ಅಡುಗೆ ಎಣ್ಣೆಯ ಸಾಲಿನಲ್ಲಿಯೇ ಇರುತ್ತವೆ, ಬೆಲೆಯೂ ಕಡಿಮೆ. ಅವು ತಿನ್ನುವುದಕ್ಕಲ್ಲ. ತಿನ್ನಲು ಅಲ್ಲದ ಇಂಥ ಪದಾರ್ಥದ ಮೇಲೆ ಚೌಕದೊಳಗೆ ಕಪ್ಪು ಅಡ್ಡಗೆರೆಗಳ ಗುರುತು, ಗುಣಾಕಾರದ ಚಿಹ್ನೆಯಂಥದು, ಇರಬೇಕು. ಹಸಿರು ಚುಕ್ಕೆ ಇಲ್ಲದ ಎಣ್ಣೆಯನ್ನು ಒಲೆಯ ಹತ್ತಿರ ಇಡಬೇಡಿರಿ.

ದೂರು ಕೊಡುವುದಾದರೆ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಪ್ರಕಾರ ತಪ್ಪು ಲೇಬಲ್ಲಿನ ಆಹಾರಕ್ಕೆ 3 ಲಕ್ಷ ರೂಪಾಯಿವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ (52 ಮತ್ತು 53ನೇ ಕಲಮು). 40ನೇ ಕಲಮು ನಮ್ಮಂಥ ಗಿರಾಕಿಗಳಿಗಾಗಿಯೇ ಇದೆ. ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಹಾಗೆ ಮಾಡಿಸುವುದಾಗಿ ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ದೋಷ ಸಾಬೀತಾದರೆ ಶುಲ್ಕ ಮರಳಿ ಸಿಗುತ್ತದೆ.

ಮಹಾರಾಷ್ಟ್ರದಲ್ಲಿ ಈ ಕೆಲಸ ಅನ್ನ ವ ಔಷಧ ಪ್ರಶಾಸನ, ಅಂದರೆ ಎಫ್‌ಡಿಎ ಕೈಯಲ್ಲಿದೆ. ಅವರ ಉಚಿತ ದೂರವಾಣಿ 1800-222-365. ತೂಕ, ಅಳತೆ, ಬೆಲೆಯ ದೂರಾದರೆ ವೈಧಮಾಪನ ಶಾಸ್ತ್ರ ವಿಭಾಗ. ಯಾವುದಕ್ಕೆ ಎಲ್ಲಿ ಎಂದು ತಿಳಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿರಿ. ಕನ್ನಡದಲ್ಲಿಯೂ ಮಾತಾಡಬಹುದು. ಬೀದರ್, ಭಾಲ್ಕಿ, ಬಸವಕಲ್ಯಾಣದಲ್ಲಿ ಕೊಂಡಿದ್ದರೆ ದೂರು ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಹೋಗಬೇಕು, ಇಲ್ಲಿನವರಿಗೆ ಅಲ್ಲ. ಯಾವುದಕ್ಕಾದರೂ ಬಿಲ್ಲು ಬೇಕು, ಬ್ಯಾಚ್ ನಂಬರು ಇರುವ ಪಾಕೀಟು ಬೇಕು. ಪಾಕೀಟು ಕತ್ತರಿಸುವಾಗ ಬ್ಯಾಚ್ ನಂಬರಿನ ಮೂಲೆಯನ್ನು ಕತ್ತರಿಸಿ ಎಸೆಯುವುದು ನಮ್ಮ ಮನೆಗಳ ಅಭ್ಯಾಸ. ಇನ್ನೊಂದು ಮೂಲೆ ಕತ್ತರಿಸಿರಿ.

ನಮ್ಮ ಎರಡು ಡಬ್ಬಿಗಳ ಗತಿ. ಅಂಗಡಿಗೆ ಡಬ್ಬಿ, ಬಿಲ್ಲು ಎರಡನ್ನೂ ಒಯ್ದಿದ್ದೆ. "ಸಾಹೇಬ್ರ, ಡಬ್ಬಿ ಮ್ಯಾಲ ಬರದಾರಲ್ಲ, ನೀವು ನೋಡಬೇಕಿತ್ತು," ಎಂದರು. ಡಬ್ಬಿಯ ಮಟ್ಟಿಗೆ ಅವರ ಮಾತು ನಿಜ, ಸುಳ್ಳು ಇದ್ದದ್ದು ಬಿಲ್ಲಿನಲ್ಲಿ. ಬಿಲ್ಲಿನ ನಕಲಿನೊಂದಿಗೆ 1915ಕ್ಕೆ ದೂರು ದಾಖಲಿಸಿದ್ದೇನೆ, ಉತ್ತರ ಬಂದಾಗ ಇಲ್ಲಿ ಹಾಕುತ್ತೇನೆ. ಶೇಂಗಾ ಎಣ್ಣೆಗೂ ಈ ಎಣ್ಣೆಗೂ ಇರುವ ಬೆಲೆಯ ವ್ಯತ್ಯಾಸವನ್ನು ಸಂಘದ ಖಾತೆಗೆ ನಾನು ತುಂಬಿದ್ದೇನೆ. ಲೆಕ್ಕದ ಪುಸ್ತಕದಲ್ಲಿ ಹಳೆಯ ಸಾಲನ್ನು ಅಳಿಸದೆ, ಕೆಂಪು ಶಾಯಿಯಲ್ಲಿ "ಬೆರಕೆ ಎಣ್ಣೆ, ಪಾಮೋಲಿನ್ 80, ಶೇಂಗಾ 20, 15 ಲೀಟರ್ ಡಬ್ಬಿ 2" ಎಂದು ತಿದ್ದಿ ಸಹಿ ಮಾಡಿದ್ದೇನೆ. ಅಧ್ಯಕ್ಷರು ಮೇಲುಸಹಿ ಹಾಕಿದ್ದಾರೆ.

ಸೇವೆ ಕೊಟ್ಟ ಆ ತಾಯಿಯ ಮನೆಗೂ ಹೋಗಿ ಹೇಳಿದೆ. ಹೇಳದೆ ಬಿಡಬಹುದಿತ್ತು ಎಂದು ಕೆಲವರ ಅಭಿಪ್ರಾಯ, ನನಗೆ ಸರಿ ಕಾಣಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಂಡವರು ಏನಂದ್ರು ತಮ್ಮಾ?" ಎಂದರು. ಚಲೋ ಆಗಿತ್ತು ಅಂದ್ರವ್ವಾ, ಎಂದೆ. "ಬರೋ ಬಸವ ಜಯಂತಿಗೆ ಮತ್ತ ಕೊಡ್ತೀನಿ. ಡಬ್ಬಿ ಒಡೆಯೂಕಿಂತ ಮೊದಲ ನನ್ನ ಮೊಮ್ಮಗಳಿಗೆ ತೋರಸ್ರಿ, ಆಕಿ ಇಂಗ್ಲಿಷ್ ಓದ್ತಾಳ."

ಸೂಚನೆ: ಮುಂದಿನ ಮಾಸಿಕ ಸಭೆಗೆ ಪ್ರತಿ ಸದಸ್ಯರೂ ತಮ್ಮ ಮನೆಯಲ್ಲಿ ಬಳಸುವ ಎಣ್ಣೆಯ ಒಂದು ಖಾಲಿ ಪಾಕೀಟನ್ನು ತೊಳೆದು ಒರೆಸಿ ತರಬೇಕಾಗಿ ವಿನಂತಿ. ಕನ್ನಡಕ ಮರೆಯಬೇಡಿರಿ. ಭೂತಗನ್ನಡಿ ಸಂಘದಲ್ಲಿ ಒಂದೇ ಇದೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ